ಜೇಬಿನಲ್ಲಿ ಫ್ಯೂಸು ಇಟ್ಟುಕೊಳ್ಳುತ್ತಿದ್ದವರು

ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲವಂತೆ.

ಇದನ್ನು ನನಗೆ ಹೇಳಿದ್ದು ಟೀ ಅಂಗಡಿಯ ಪುಟ್ಟಮ್ಮ. ಅವರನ್ನು ಮಣ್ಣು ಮಾಡಿ ಬಂದು ಇನ್ನೂ ವಾರ ಕಳೆದಿರಲಿಲ್ಲ. ಅವರ ಅಂಗಡಿಯ ಷಟರ್ ಎಳೆದಿತ್ತು. ನಾನು ಅದನ್ನು ನೋಡುತ್ತ ಟೀ ಕುಡಿಯುತ್ತ, "ಕೆಲಸಕ್ಕೆ ಬಗ್ಗಿದ್ರೆ ಎಷ್ಟು ಕೂಗಿದ್ರೂ ತಿರುಗ್ತಿರ್ಲಿಲ್ಲ ಕಣಮ್ಮ. ಅಂಥಾ ಗ್ಯಾನ ಆ ಮನುಷ್ಯನಿಗೆ" ಎಂದು ಹೊಗಳುತ್ತಿದ್ದೆ. ಪುಟ್ಟಮ್ಮ ಲೋಟ ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಗ್ಯಾನ ಅಲ್ಲ ಕಣಣ್ಣ, ಕಿವಿ. ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

"ಯಾವ ಕಿವಿ?" ಎಂದೆ.

"ಎರಡೂನೂವೆ. ಗುಡುಗು, ಲಾರಿ ಸದ್ದು ಎದೆಗೆ ಗೊತ್ತಾಗ್ತಿತ್ತಂತೆ. ಕಿವಿಗೆ ಏನೂ ಇಲ್ಲ."

ಅರ್ಧ ಟೀ ಹಾಗೇ ಇಟ್ಟು ಎದ್ದು ಬಂದೆ. ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಪಕ್ಕಕ್ಕೇ ಹೋಗುತ್ತಿತ್ತು. ಅವರು ಸತ್ತರೆಂದು ಫೋನು ಬಂದಾಗಲೂ ನಾನು ಇಷ್ಟು ಬೆಚ್ಚಿರಲಿಲ್ಲ. ಸಾವು ಎಲ್ಲರಿಗೂ ಬರುವಂಥದ್ದು. ಆದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಮನುಷ್ಯನ ಎದುರು ಕೂತು, ಮನೆಯದು ಮಠದ್ದು ಎಲ್ಲವನ್ನೂ ಹೇಳಿಕೊಂಡು, ಕೊನೆಗೆ ಆತನಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ ಎಂದು ಟೀ ಅಂಗಡಿಯಲ್ಲಿ ತಿಳಿದುಕೊಳ್ಳುವುದು ಎಲ್ಲರಿಗೂ ಬರುವಂಥದ್ದಲ್ಲ. ಬೆಚ್ಚಿದ್ದು ಇಳಿಯುವಷ್ಟರಲ್ಲಿ ಸಿಟ್ಟು ಬಂತು. ಪುಟ್ಟಮ್ಮನಿಗೆ ಹೇಳಿದವರು ನನಗೇಕೆ ಹೇಳಲಿಲ್ಲ?

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಣ್ಣಾದ ಮೇಲೂ ಅವರ ಗುಟ್ಟು ಅವರದೇ. ತಿಪಟೂರಿನಲ್ಲಿ ಗಾಡಿ ಇಟ್ಟವರೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದರು, ನನಗೂ ಅದೇ ಬಾಯಿಗೆ ಬರುತ್ತದೆ. ಕೊಬ್ಬರಿ ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಅವರದು ಆಟೋ ಎಲೆಕ್ಟ್ರಿಕಲ್ ಅಂಗಡಿ, ನನ್ನದು ಕುಷನ್ ವರ್ಕ್ಸ್. ಎದುರುಬದುರು. ನಡುವೆ ಒಂದು ಕಾರು ನಿಲ್ಲುವಷ್ಟು ಅಂಗಳ, ಅಂಗಳದ ಬಾಯಲ್ಲಿ ರಸ್ತೆಗೆ ಹತ್ತಿದಂತೆ ಪುಟ್ಟಮ್ಮನ ಟೀ ಅಂಗಡಿ. ಗಾಡಿಯ ತಂತಿ ಕೆಟ್ಟರೆ ಅವರಿಗೆ, ಸೀಟು ಹರಿದರೆ ನನಗೆ, ಎರಡೂ ಆಗುವಷ್ಟು ಹೊತ್ತು ಪುಟ್ಟಮ್ಮನಿಗೆ ವ್ಯಾಪಾರ.

ನಾನು ಹಾಲ್ಕುರಿಕೆಯ ಕಡೆಯವನು. ಹೊಲಿಗೆ ಕಲಿತು ಊರು ಬಿಟ್ಟು ಬಂದವನು. ನನಗೆ ಬಾಯಿ ಜಾಸ್ತಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಾಯಿ ಮುಚ್ಚಿಕೊಂಡರೆ ನನಗೆ ಉಸಿರು ಕಟ್ಟುತ್ತದೆ ಎಂದು ನನ್ನ ಹೆಂಡತಿ ಬೀಗರ ಮುಂದೆಯೇ ಹೇಳಿದ್ದಾಳೆ. ಸೀಟಿನ ಹೊಲಿಗೆ ಹಾಕುತ್ತ ಹಾಕುತ್ತ ಕೊಬ್ಬರಿ ರೇಟು, ನನ್ನ ಅಕ್ಕನ ಮನೆಯ ಜಗಳ, ನನ್ನ ಹೊಟ್ಟೆಯ ಗ್ಯಾಸು, ಮಂತ್ರಿಯ ಸೊಕ್ಕು ಎಲ್ಲವನ್ನೂ ಎದುರಿಗೆ ಕೂತ ಭಾಯಿಗೆ ಹೇಳುತ್ತಿದ್ದೆ. ಅವರು ಡೈನಮೋ ಬಿಚ್ಚುತ್ತ ನಡುನಡುವೆ ತಲೆಯೆತ್ತಿ "ಹೌದಾ" ಎನ್ನುತ್ತಿದ್ದರು. ಹೇಳಬೇಕಾದ ಕಡೆ "ಬುಡು ಅತ್ಲಾಗೆ" ಎನ್ನುತ್ತಿದ್ದರು. ನಾನು ಹೇಳಿದ ಒಂದು ಮಾತೂ ಅವರಿಂದ ಆಚೆ ಹೋದದ್ದಿಲ್ಲ. ಎಂಥ ಗಂಭೀರ ಮನುಷ್ಯ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಎತ್ತರದ ಆಳು, ಸಣಕಲು ಮೈ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನು ಇರುತ್ತಿರಲಿಲ್ಲ, ಫ್ಯೂಸುಗಳಿರುತ್ತಿದ್ದವು. ಕೆಂಪು, ನೀಲಿ, ಹಳದಿ, ಮಕ್ಕಳು ತಿನ್ನುವ ಪೆಪ್ಪರಮೆಂಟಿನ ಹಾಗೆ. ಯಾವ ಗಾಡಿಯೇ ಬರಲಿ, ಅದರೊಳಗೆ ಕೈ ಹಾಕುವ ಮುಂಚೆ ಆ ಕೆಲಸದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಅದು ಅವರ ಶಾಸ್ತ್ರ. "ಫ್ಯೂಸು ನನ್ ಜೇಬಲ್ಲಿದ್ರೆ ಗಾಡಿ ನಂದು. ಯಾವೋನ್ ಸ್ವಿಚ್ ಒತ್ತಿದ್ರೂ ಅಲ್ಲಾಡಲ್ಲ" ಎನ್ನುತ್ತಿದ್ದರು. ಎಷ್ಟೋ ಸಲ ಮರೆತು ಜೇಬಿನಲ್ಲೇ ಮನೆಗೆ ಒಯ್ದದ್ದುಂಟು. ದಬ್ಬೇಘಟ್ಟದವನೊಬ್ಬ ವೈಪರಿನ ಫ್ಯೂಸಿಲ್ಲದ ಗಾಡಿಯಲ್ಲಿ ಊರ ತನಕ ಹೋಗಿ, ನಡುದಾರಿಯಲ್ಲಿ ಮಳೆ ಹಿಡಿದು, ಕಿಟಕಿಯಿಂದ ಕೈ ಚಾಚಿ ಟವೆಲಿನಲ್ಲಿ ಗಾಜು ಒರೆಸಿಕೊಳ್ಳುತ್ತ ಮನೆ ಸೇರಿ ಮಾರನೆಯ ದಿನ ಬಂದು ಕೂಗಾಡಿದ. ಭಾಯ್ ಅವನ ಬಾಯನ್ನೇ ನೋಡುತ್ತ ನಿಂತಿದ್ದು, ಅವನು ಮುಗಿಸಿದ ಮೇಲೆ ಜೇಬಿನಿಂದ ಫ್ಯೂಸು ತೆಗೆದು ಅವನ ಅಂಗೈಯಲ್ಲಿಟ್ಟು, "ತಪ್ಪಾಯ್ತು ಕಣಪ್ಪ, ಟೀ ಕುಡಿ" ಎಂದರು. ಅಷ್ಟು ಕೂಗಾಡಿದರೂ ಮುಖ ಒಂದಿಷ್ಟೂ ಕೆಡಲಿಲ್ಲವಲ್ಲ, ಏನು ತಾಳ್ಮೆ ಎಂದುಕೊಂಡಿದ್ದೆ. ಕೂಗಾಟ ಅವರನ್ನು ಮುಟ್ಟಿಯೇ ಇರಲಿಲ್ಲ.

ಈಗ ಒಂದೊಂದೇ ನೆನಪಾಗುತ್ತಿದೆ, ಒಂದೊಂದಕ್ಕೂ ಬೆಚ್ಚುತ್ತಿದ್ದೇನೆ.

ನನಗೆ ಮೊದಲು ಗಿರಿಜಾ ಮೀಸೆ ಇತ್ತು. ತುಟಿ ಕಾಣದಷ್ಟು ದಪ್ಪ. ಭಾಯ್ ದಿನಾ ಅದನ್ನು ಆಡಿಕೊಳ್ಳುತ್ತಿದ್ದರು. "ನಂಜಪ್ಪ, ಮೀಸೆ ಒಳಗೆ ಕೂತು ಮಾತಾಡ್ತೀಯಲ್ಲೋ, ಆಚೆಗ್ ಬಾ." ಕೇಳಿ ಕೇಳಿ ಬೇಸತ್ತು ಒಂದು ದಿನ ಕತ್ತರಿಸಿಬಿಟ್ಟೆ. ಹೆಂಡತಿ ಮುಖ ತಿರುವಿದಳು, ಮೂರು ಊರಿನ ನೆಂಟರು ನಕ್ಕರು. ಭಾಯ್ ಒಬ್ಬರು ಮಾತ್ರ ಅವತ್ತು ಇಡೀ ದಿನ ಹಬ್ಬ ಬಂದವರ ಹಾಗೆ ನನ್ನ ಮುಖ ನೋಡುತ್ತ ಕೂತಿದ್ದರು.

ಎಲೆಯಡಿಕೆ ತುಂಬಿಕೊಂಡು ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಉಗಿದು ಬನ್ರೀ, ಆಮೇಲೆ ಹೇಳಿ" ಎನ್ನುತ್ತಿದ್ದರು. ಚೊಕ್ಕಟದ ಮನುಷ್ಯ ಎಂದುಕೊಂಡೆ. ಫೋನು ಬಂದರೆ ಸೀದಾ ನನ್ನ ಕೈಗೆ. "ಸ್ವಲ್ಪ ಮಾತಾಡಪ್ಪ, ಕೈಯೆಲ್ಲ ಗ್ರೀಸು." ಕೈ ತೊಳೆದಿದ್ದಾಗಲೂ ಗ್ರೀಸೇ. ಅವರ ಫೋನಿನಲ್ಲಿ ನಾನು ಎಷ್ಟು ಮಾತಾಡಿದ್ದೇನೆಂದರೆ, ಅರಸೀಕೆರೆಯಲ್ಲಿರುವ ಅವರ ಮಗಳು ನನ್ನನ್ನು ಚಾಚಾ ಎಂದೇ ಕರೆಯುವುದು ರೂಢಿಯಾಯಿತು. ಅಪ್ಪನಿಗೆ ಹೇಳಬೇಕಾದದ್ದನ್ನು ಅವಳು ನನಗೆ ಹೇಳುತ್ತಿದ್ದಳು, ನಾನು ಅವರ ಮುಖಕ್ಕೆ ಮುಖ ಕೊಟ್ಟು ಒಪ್ಪಿಸುತ್ತಿದ್ದೆ. ಒಬ್ಬ ಮಗಳು ಅಪ್ಪನೊಡನೆ ಹೀಗೇಕೆ ಮಾತಾಡುತ್ತಾಳೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲವಲ್ಲ!

ಕೊರೋನಾ ಬಂದು ಎಲ್ಲರೂ ಮಾಸ್ಕು ಹಾಕಿಕೊಂಡ ದಿನಗಳಲ್ಲಿ ಭಾಯ್ ಬೇರೆ ಮನುಷ್ಯರೇ ಆಗಿಬಿಟ್ಟರು. ಗಿರಾಕಿ ಬಂದರೆ ದೂರದಿಂದಲೇ ಕೈಯಾಡಿಸಿ ಕಳಿಸುತ್ತಿದ್ದರು. ನಾನು ಮಾಸ್ಕು ಹಾಕಿಕೊಂಡು ಏನೋ ಹೇಳಿದರೆ, "ಆ ಮೂತಿ ಚೀಲ ಬಿಚ್ಚೋ, ಇಲ್ಲ ಸುಮ್ನಿರು" ಎಂದು ರೇಗಿದರು. ನನಗೆ ಬಹಳ ಬೇಜಾರಾಯಿತು. ಹೆದರಿಕೆಗೆ ತಲೆ ಕೆಟ್ಟಿದೆ ಎಂದು ನಾಲ್ಕು ಜನರ ಮುಂದೆ ಹೇಳಿಯೂ ಹೇಳಿದೆ. ಜಗತ್ತಿನ ಬಾಯೆಲ್ಲ ಒಂದೇ ಸಲ ಮುಚ್ಚಿಹೋದರೆ ಆ ಮನುಷ್ಯನಿಗೆ ಹೇಗಾಗಿರಬೇಕು ಎಂದು ನನಗೆ ಹೊಳೆದದ್ದು ಈಗ.

ಇನ್ನು ನನ್ನ ಯಂತ್ರದ ವಿಷಯ. ಹೊಲಿಗೆ ಯಂತ್ರವನ್ನು ನಾನು ಮೊದಲು ರಸ್ತೆಯ ಕಡೆಗೆ ಮುಖ ಮಾಡಿ ಇಟ್ಟಿದ್ದೆ. ಬೆಳಕು ಅಲ್ಲೇ ಚೆನ್ನಾಗಿ ಬೀಳುವುದು. ಭಾಯ್ ಬಂದು, ಅಲ್ಲ, ಅಂಗಳದ ಕಡೆಗೆ ತಿರುಗಿಸು, ಬೆಳಕು ಈ ಕಡೆಯೇ ಚೆನ್ನಾಗಿದೆ ಎಂದು ಹಟ ಹಿಡಿದರು. ನಾನು ಒಪ್ಪಲಿಲ್ಲ. ಒಂದು ದಿನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ತಾವೇ ಯಂತ್ರ ತಿರುಗಿಸಿ, ಅದರ ಮೇಲೆ ತಂತಿ ಎಳೆದು ಒಂದು ಟ್ಯೂಬ್‌ಲೈಟು ಬೇರೆ ಹಾಕಿಟ್ಟಿದ್ದರು. ಅಷ್ಟು ಮಾಡಿದ ಮೇಲೆ ಹೇಗೆ ಬೇಡ ಎನ್ನುವುದು? ಅಂದಿನಿಂದ ನಾನು ಅವರಿಗೆ ಎದುರಾಗಿ ಕೂತು ಹೊಲಿದೆ.

ಅವರ ಕೆಲಸದ ರೀತಿಯೂ ಬೇರೆ. ಬೇರೆ ಎಲೆಕ್ಟ್ರಿಷಿಯನ್ನುಗಳು ಕುಯ್ ಎನ್ನುವ ಮೀಟರು ಹಿಡಿದು ತಂತಿ ನೋಡುತ್ತಾರೆ. ಭಾಯ್ ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡಿದ್ದರು. ಉರಿದರೆ ಕರೆಂಟಿದೆ, ಇಲ್ಲದಿದ್ದರೆ ಇಲ್ಲ. ರಿಲೇ ಎಂಬ ಸಣ್ಣ ಡಬ್ಬಿ ಇರುತ್ತದೆ, ಸ್ವಿಚ್ ಒತ್ತಿದರೆ ಅದರೊಳಗೆ ಟಿಕ್ ಎನ್ನುತ್ತದೆ. ಅದನ್ನು ನೋಡಬೇಕಾದಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಬ್ಬಿಯ ಮೇಲಿಟ್ಟು ಹಿಡಿಯನ್ನು ದವಡೆಯ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. "ಕೇಳಿಸ್ತಾ ಭಾಯ್?" ಎಂದು ನಾನು ಕೇಳುತ್ತಿದ್ದೆ. ಕಣ್ಣು ಮುಚ್ಚಿದ್ದರೆ ಉತ್ತರ ಬರುತ್ತಿರಲಿಲ್ಲ, ತೆರೆದ ಮೇಲೆ ಕೇಳಿದರೆ "ಹ್ಞೂಂ, ಹೊಡೀತು" ಎನ್ನುತ್ತಿದ್ದರು. ಕೇಳಿಸಿತು ಎಂದು ಅವರು ಎಂದೂ ಹೇಳಿಲ್ಲ. ಸುಳ್ಳು ಹೇಳದೆ ಇಷ್ಟು ವರ್ಷ ಮುಚ್ಚಿಟ್ಟರು ಎಂದರೆ ಮಾತನ್ನು ಎಷ್ಟು ಅಳೆದು ಆಡಿರಬೇಕು!

ಈಗ ಆ ಕಾರಿನ ಕಥೆಗೆ ಬರುತ್ತೇನೆ. ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಎಲ್ಲಿಂದಲೋ ಒಂದು ಟಾಪು ತೆರೆಯುವ ಕಾರು ತಂದರು. ಹಳೆಯದೇ, ಆದರೆ ಜೋರಾಗಿತ್ತು. ಮೇಲೆ ಕರಿಯ ಕ್ಯಾನ್ವಾಸು. ಸ್ವಿಚ್ ಒತ್ತಿದರೆ ಅದು ತಾನೇ ಎದ್ದು ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಮಲಗುತ್ತದೆ. ಊರೆಲ್ಲ ನಕ್ಕಿತು. ತೆಂಗಿನ ಮರದ ಕೆಳಗೆ ಕರು ಕಟ್ಟಲೂ ಹಿಂದೆಮುಂದೆ ನೋಡುವ ಸೀಮೆ ನಮ್ಮದು. ಇಲ್ಲಿ ತಲೆ ತೆರೆದುಕೊಂಡು ಕಾರಿನಲ್ಲಿ ಹೋಗುವವನಿಗೆ ಯಾವ ಮರ ಬುದ್ಧಿ ಕಲಿಸುತ್ತದೋ ಎಂದು ಪಂಥ ಕಟ್ಟಿದವರೂ ಇದ್ದರು. ಮರ ಏನೂ ಮಾಡಲಿಲ್ಲ. ಕಿಬ್ಬನಹಳ್ಳಿಯ ಹತ್ತಿರ ಯಾರದೋ ಮದುವೆಯ ಮೆರವಣಿಗೆಗೆ ಟಾಪು ತೆರೆಯಲು ಹೋದಾಗ ಅದು ಅರ್ಧಕ್ಕೆ ಎದ್ದು ನಿಂತುಬಿಟ್ಟಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಹೇಗೋ ಎಳೆದು ಕೂರಿಸಿ, ತೆಂಗಿನ ಹಗ್ಗದಲ್ಲಿ ಬಿಗಿದು, ಎತ್ತಿನ ಗಾಡಿಯಂತೆ ನಿಧಾನಕ್ಕೆ ತಿಪಟೂರಿಗೆ ತಂದರು. ಬಟ್ಟೆ ಸಿಕ್ಕಿಕೊಂಡಿದೆ ಎಂದು ನನ್ನ ಹತ್ತಿರವೇ ಬಂದರು.

ನಾನು ನೋಡಿದೆ. ಬಟ್ಟೆಯಲ್ಲಿ ಏನೂ ಇರಲಿಲ್ಲ. ಭಾಯನ್ನು ಕೈಸನ್ನೆ ಮಾಡಿ ಕರೆದೆ.

ಅವರು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಕಾರನ್ನು ತಿರುಗಿಸಿ ನಿಲ್ಲಿಸಿ ಹೆಡ್‌ಲೈಟನ್ನು ತಮ್ಮ ಅಂಗಡಿಯ ಗೋಡೆಗೆ ಬಿಡಿಸಿದರು. ಯಜಮಾನರಿಗೆ ಟಾಪಿನ ಸ್ವಿಚ್ ಒತ್ತಲು ಹೇಳಿ ತಾವು ಗೋಡೆಯ ಮೇಲಿನ ಬೆಳಕನ್ನೇ ನೋಡುತ್ತ ನಿಂತರು. "ಮೋಟ್ರು ಸಿಕ್ಕಿಕೊಂಡಿದ್ರೆ ಕರೆಂಟು ಎಳೀತದೆ, ದೀಪ ಒಂಚೂರು ಡಿಮ್ಮಾಗ್ಬೇಕು. ಆಗ್ತಿಲ್ಲ. ಕರೆಂಟು ಮೋಟ್ರ ತನಕ ಹೋಗೇ ಇಲ್ಲ" ಎಂದರು. ಫ್ಯೂಸು ಸರಿಯಿತ್ತು. ಆಮೇಲೆ ಡಿಕ್ಕಿ ತೆಗೆಸಿದರು. ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ!

"ಏನ್ರೀ ಇದು ಯಜಮಾನ್ರೇ?"

"ಬೀಗರ ಮನೆಗೆ ಕಣಪ್ಪ. ಖಾಲಿ ಗಾಡೀಲಿ ಹೋಗಕಾಯ್ತದಾ?" ಎಂದರು ಯಜಮಾನರು.

ಭಾಯ್ ಹಣೆ ಚಚ್ಚಿಕೊಂಡರು. ಟಾಪು ಮಲಗುವ ಜಾಗಕ್ಕೂ ಸಾಮಾನಿನ ಜಾಗಕ್ಕೂ ನಡುವೆ ಒಂದು ಮಡಿಚುವ ತಡಿಕೆ ಇರುತ್ತದೆ. ಅದು ಸರಿಯಾಗಿ ಕೂತರೆ ಮಾತ್ರ ಅಲ್ಲಿಯ ಪುಟ್ಟ ಸ್ವಿಚ್ ಒತ್ತಿಕೊಂಡು ಟಾಪಿಗೆ ಕರೆಂಟು ಬಿಡುತ್ತದೆ. ಮೂಟೆ ಕುಲುಕಿ ಕುಲುಕಿ ಆ ತಡಿಕೆಯನ್ನೂ ಸ್ವಿಚ್ಚನ್ನೂ ಜಜ್ಜಿಹಾಕಿತ್ತು. ಆ ಕಾರು ಮಾಡಿದವನಿಗೆ ತಿಪಟೂರಿನವರು ಅದರಲ್ಲಿ ಕಾಯಿ ಹೇರುತ್ತಾರೆ ಎಂದು ಕನಸು ಬಿದ್ದಿರಲಿಕ್ಕಿಲ್ಲ. ಭಾಯ್ ಸ್ವಿಚ್ ಸರಿ ಮಾಡಿದರು. ಟಾಪು ಎದ್ದಿತು. ಅರ್ಧಕ್ಕೆ ಹೋಗಿ ಮತ್ತೆ ನಿಂತಿತು.

"ಇನ್ನೊಂದೈತೆ" ಎಂದರು, ಖುಷಿಯಲ್ಲೇ.

ಜೇಬಿಗೆ ಫ್ಯೂಸು ಹಾಕಿಕೊಂಡರು. ಮೇಲೆ ನಿಂತ ಟಾಪಿನ ಕಂಬಿಗಳ ನಡುವೆ ಬಗ್ಗಿ, ಡಿಕ್ಕಿಯ ಕೀಲಿನ ಹತ್ತಿರ ಹೋಗುವ ತಂತಿಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಹೊಸೆಯುತ್ತ ಹೋದರು. ತೆಗೆದು ಮುಚ್ಚಿ ಮಾಡುವ ಕಡೆ ತಂತಿ ಒಳಗೊಳಗೇ ತುಂಡಾಗುತ್ತದೆ, ಮೇಲಿನ ರಬ್ಬರು ಹಾಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ತುಂಡಾದ ಕಡೆ ಬೆರಳಿಗೆ ಮೆತ್ತಗೆ ಸಿಗುತ್ತದೆ ಎಂದು ಒಮ್ಮೆ ನನಗೆ ತೋರಿಸಿಕೊಟ್ಟಿದ್ದರು. ಬೆನ್ನು ನನ್ನ ಕಡೆಗಿತ್ತು. ಎಡಗೈ ಟಾಪಿನ ಮಡಿಕೆಯ ಒಳಗಿತ್ತು. ಯಜಮಾನರು ಪಕ್ಕದಲ್ಲಿ ಫೋನು ನೋಡುತ್ತ ನಿಂತಿದ್ದರು. ಪುಟ್ಟಮ್ಮ ತಂತಿ ಬುಟ್ಟಿಯಲ್ಲಿ ಟೀ ಲೋಟಗಳನ್ನು ತೂಗಿಸಿಕೊಂಡು ಅಂಗಳಕ್ಕೆ ಬರುತ್ತಿದ್ದಳು.

ಸುಸ್ಸ್ ಎಂದಿತು. ಟೈರಿನಿಂದ ಗಾಳಿ ಹೋದ ಹಾಗೆ. ನಾನು ತಲೆಯೆತ್ತಿದೆ. ಟಾಪು ಒಮ್ಮೆ ನಡುಗಿ ಕೆಳಗೆ ಬರತೊಡಗಿತು.

"ಭಾಯ್! ಕೈ ತೆಗೀರಿ! ಕೈ!"

ನನ್ನ ಗಂಟಲು ಸಾಮಾನ್ಯದ್ದಲ್ಲ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಯಜಮಾನರೂ ಕಿರುಚಿದರು. ಭಾಯ್ ತಿರುಗಲಿಲ್ಲ. ಬೆರಳಲ್ಲಿ ತಂತಿ ಹೊಸೆಯುತ್ತಲೇ ಇದ್ದರು. ನಾನು ಯಂತ್ರದ ಹಿಂದಿನಿಂದ ಎದ್ದು ಬರುವಷ್ಟರಲ್ಲಿ ಪುಟ್ಟಮ್ಮ ಬುಟ್ಟಿಯನ್ನು ಎಸೆದು, ಓಡಿ, ಅವರ ಅಂಗಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ಬಿದ್ದರು. ಟಾಪು ಧಡ್ ಎಂದು ಕೂತಿತು. ತಲೆ ಉಳಿಯಿತು, ತೋಳು ಉಳಿಯಿತು. ಎಡಗೈಯ ಎರಡು ಬೆರಳು ಜಜ್ಜಿಹೋದವು.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನನ್ನ ಹೊಸ ಸೀಟ್ ಕವರಿನ ಬಟ್ಟೆಯನ್ನೇ ಕೈಗೆ ಸುತ್ತಿದ್ದೆ. ಭಾಯ್ ಅಳಲಿಲ್ಲ, ನರಳಲಿಲ್ಲ. ಮುಖ ಸುಣ್ಣದ ಹಾಗಾಗಿತ್ತು. ಬಲಗೈಯನ್ನು ನಿಧಾನಕ್ಕೆ ಜೇಬಿಗೆ ಹಾಕಿ ಫ್ಯೂಸನ್ನು ತೆಗೆದು ಅದನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಫ್ಯೂಸು ಇಲ್ಲೇ ಐತಲ್ಲೋ ನಂಜಪ್ಪ."

ಹೆಂಡತಿ ಸತ್ತರೂ ನಂಬದೆ ಎಬ್ಬಿಸುವವರನ್ನು ನೋಡಿದ್ದೇನೆ, ಹಾಗಿತ್ತು ಅವರ ಮುಖ. "ಕರೆಂಟೇ ಇಲ್ಲ. ಹೆಂಗ್ ಬಿತ್ತು?" ಎಂದು ಆಸ್ಪತ್ರೆಯ ಬಾಗಿಲವರೆಗೂ ಕೇಳುತ್ತಲೇ ಇದ್ದರು.

ಹೇಗೆ ಬಿತ್ತು ಎಂದು ಆಮೇಲೆ ಒಬ್ಬ ಟ್ರ್ಯಾಕ್ಟರಿನವನು ಹೇಳಿದ. ಆ ಟಾಪನ್ನು ಎತ್ತುವುದು ಮೋಟರಲ್ಲ, ಮೋಟರು ತಳ್ಳುವ ಎಣ್ಣೆ. ಕರೆಂಟು ಕಿತ್ತ ಮೇಲೆ ಎಣ್ಣೆಯ ಬಿಗಿ ನಿಧಾನಕ್ಕೆ ಸಡಿಲಾಗಿ, ಕೊನೆಗೆ ಒಂದೇ ಸಲ ಕೈಬಿಡುತ್ತದೆ. ಎತ್ತಿದ ಟ್ರೈಲರಿನ ಕೆಳಗೆ ಆನಿಕೆ ಕೊಡದೆ ಕೈ ಹಾಕುವ ದಡ್ಡ ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಆದರೆ ಆ ನಾಜೂಕಿನ ಕಾರಿನಲ್ಲೂ ಅದೇ ಎಣ್ಣೆ ಇದೆ ಎಂದು ಯಾರಿಗೆ ಹೊಳೆಯಬೇಕು? ಭಾಯ್ ಜೀವಮಾನವೆಲ್ಲ ಕರೆಂಟಿಗೆ ಹೆದರಿ ಬದುಕಿದವರು. ಅದನ್ನು ಜೇಬಿನಲ್ಲಿಟ್ಟುಕೊಂಡ ಮೇಲೆ ಬೇರೆ ಯಾವುದಕ್ಕಾದರೂ ಹೆದರಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಕಿರುಬೆರಳು ಪೂರ್ತಿ ಹೋಯಿತು, ಉಂಗುರದ ಬೆರಳಿನ ತುದಿ ಹೋಯಿತು. ಅವತ್ತು ಆಸ್ಪತ್ರೆಯಿಂದ ಬಂದವನೇ ನಾನು ಪುಟ್ಟಮ್ಮನ ಮೇಲೆ ಹರಿಹಾಯ್ದಿದ್ದೆ. "ನಿಂಗೆ ಬಾಯಿರ್ಲಿಲ್ವಾ? ಅಷ್ಟು ಹತ್ರ ಇದ್ದೆ, ಒಂದು ಕೂಗು ಹಾಕಕ್ಕಾಗ್ಲಿಲ್ವಾ?" ಅವಳು ಒಡೆದ ಲೋಟದ ಚೂರು ಗುಡಿಸುತ್ತಲೇ ಇದ್ದಳು. ಆಮೇಲೆ ಎಷ್ಟೋ ಕಾಲ ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು: "ನನ್ ಗಂಟ್ಲು ದೊಡ್ಡದಾಗಿತ್ತಲ್ಲ, ಅದಕ್ಕೆ ಭಾಯ್ ಕೈ ಉಳೀತು." ಭಾಯ್ ಎದುರಿಗೇ ಕೂತು ತಲೆಯಾಡಿಸುತ್ತಿದ್ದರು. ಪುಟ್ಟಮ್ಮ ಟೀ ಬಸಿಯುತ್ತಿದ್ದಳು. ಇಬ್ಬರೂ ನನ್ನ ಮುಖ ನೋಡಿ ನಗಲಿಲ್ಲವಲ್ಲ ಎಂಬುದೇ ನನಗೆ ದೊಡ್ಡ ಆಶ್ಚರ್ಯ.

ಗಾಯ ಮಾಗಿದ ಮೇಲೆ ಭಾಯ್ ಆ ಕಾರನ್ನು ಮತ್ತೆ ತರಿಸಿದರು. ಯಜಮಾನರು ಬೇಡವೆಂದರೂ ಬಿಡಲಿಲ್ಲ. ತೆಂಗಿನ ಮರದ ಸೀಳಿನಲ್ಲಿ ಒಂದು ಆನಿಕೆ ಮಾಡಿಸಿ ಟಾಪಿಗೆ ಕೊಟ್ಟು, ಉಳಿದ ಬೆರಳಲ್ಲೇ ತಂತಿಗಳನ್ನು ಹೊಸೆದು, ತುಂಡಾದದ್ದನ್ನು ಹುಡುಕಿ ಬೆಸೆದರು. ಆಮೇಲೆ ನಮ್ಮನ್ನೆಲ್ಲ ದೂರ ನಿಲ್ಲಿಸಿ, ತಾವು ಒಳಗೆ ಯಜಮಾನರ ಪಕ್ಕದಲ್ಲಿ ಕೂತು, ಸ್ವಿಚ್ ಒತ್ತಲು ಹೇಳಿದರು. ಟಾಪು ಎದ್ದು, ಮಡಚಿ, ಹಿಂದಕ್ಕೆ ಹೋಗಿ ಮಲಗಿತು. ಭಾಯ್ ಬಾಗಿಲ ಮೇಲೆ ಅಂಗೈ ಒತ್ತಿಟ್ಟುಕೊಂಡು ಆಕಾಶ ನೋಡುತ್ತಿದ್ದರು.

"ಎಷ್ಟು ಸದ್ದಿಲ್ದಂಗೆ ಹೋಗ್ತದೆ ನೋಡಿ ಭಾಯ್" ಎಂದರು ಯಜಮಾನರು, ಅವರ ಭುಜ ಮುಟ್ಟಿ.

"ಹೂಂ ಕಣ್ರೀ, ಸದ್ದೇ ಇಲ್ಲ" ಎಂದರು ಭಾಯ್. ನಕ್ಕರು. ನಾನೂ ನಕ್ಕೆ. ಪುಟ್ಟಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಂಗಡಿಗೆ ಹೋದಳು. ಹೊಗೆ ಕಣ್ಣಿಗೆ ಹೋಗಿರಬೇಕು ಎಂದುಕೊಂಡೆ.

ಹೋದ ತಿಂಗಳು ಒಂದು ಶುಕ್ರವಾರ ನಮಾಜು ಮುಗಿಸಿ ಮನೆಗೆ ಬಂದು ಕೂತವರು ಕೂತ ಹಾಗೇ ಹೋಗಿಬಿಟ್ಟರಂತೆ. ಎದೆ. ಅವರ ಫೋನಿನಿಂದಲೇ ನನಗೆ ಫೋನು ಬಂತು. ಆ ಫೋನಿನಲ್ಲಿ ಎಂದೂ ಅವರ ದನಿ ಕೇಳದವನು ನಾನು, ಅಂದು ತವರಿಗೆ ಬಂದಿದ್ದ ಅವರ ಮಗಳ ಅಳು ಕೇಳಿದೆ. ಶುಕ್ರವಾರ ಅವರು ಅಂಗಡಿ ತೆರೆಯುತ್ತಿದ್ದದ್ದೇ ನಮಾಜಾದ ಮೇಲೆ. ಹಿಂದಿನ ದಿನ ಸಂಜೆ ಷಟರ್ ಎಳೆಯುತ್ತ, "ಬತ್ತೀನಿ ಭಾಯ್, ನಾಳೆ ಸಿಗಣ" ಎಂದಿದ್ದೆ. ಅಂದೂ ಉತ್ತರ ಬರಲಿಲ್ಲವೆಂದು ಒಂದಿಷ್ಟು ಮುನಿದುಕೊಂಡೇ ಮನೆಗೆ ಹೋಗಿದ್ದೆ. ಷಟರ್ ಎಳೆಯುವಾಗ ನನ್ನ ಬೆನ್ನು ಅವರ ಕಡೆಗಿರುತ್ತದೆ. ಇಷ್ಟು ವರ್ಷ ದಿನಾ ನಾನು ಹೇಳಿದ "ಬತ್ತೀನಿ" ಒಂದೂ ಅವರನ್ನು ತಲುಪಿಲ್ಲ. ಪುಟ್ಟಮ್ಮ ಹೇಳಿದ ದಿನ ಇದು ಹೊಳೆದು, ನಾನು ಅಂಗಡಿಯಲ್ಲಿ ಕೂತಲ್ಲೇ ಕೂತುಬಿಟ್ಟೆ.

ಪುಟ್ಟಮ್ಮನೊಡನೆ ಕೆಲವು ದಿನ ಮಾತು ಬಿಟ್ಟೆ. ನನಗೆ ಅದು ಸುಲಭವಲ್ಲ. ಕೊನೆಗೆ ತಡೆಯಲಾರದೆ ಹೋಗಿ ಬೆಂಚಿನ ಮೇಲೆ ಕೂತೆ.

"ನಿಂಗೆ ಯಾವಾಗ್ ಗೊತ್ತಾಯ್ತು?"

"ಬಾಳಾ ವರ್ಷ ಆಯ್ತಣ್ಣ. ಲಾರಿ ಹಾರ್ನ್ ಹೊಡ್ಕೊಂಡು ಹಿಂದಕ್ ಬತ್ತಿತ್ತು. ಇವ್ರು ಹಿಂದೇನೇ ಕೂತು ಬ್ಯಾಟ್ರಿ ನೋಡ್ತಾವ್ರೆ. ಏಳ್ಲೇ ಇಲ್ಲ. ಹೋಗಿ ಎಳ್ಕೊಂಡೆ. ಅವಾಗ ಹೇಳಿದ್ರು. ವಯಸ್ಸಲ್ಲಿ ಜ್ವರ ಬಂದು ಕಿವಿ ಹೋಯ್ತಂತೆ. ಕಿವುಡನ ಹತ್ರ ಯಾರು ಗಾಡಿ ಬಿಡ್ತಾರೆ, ಯಾರ್ಗೂ ಹೇಳ್ಬ್ಯಾಡ ಕಣವ್ವ ಅಂದ್ರು."

"ಕಾರಿನ ಟಾಪು ಬಿದ್ದಾಗ ಅದಕ್ಕೇ ಓಡಿದ್ಯಾ?"

"ಇನ್ನೇನ್ ಮಾಡ್ಲಿ? ನೀನು ಕೂಗ್ತಾ ಇದ್ದೆ. ಕೂಗಿ ಏನ್ ಬಂತು?"

ನಾನು ತಲೆ ತಗ್ಗಿಸಿದೆ. ಲೋಟ ಕೈಯಲ್ಲಿ ಬಿಸಿಯಾಗಿಯೇ ಇತ್ತು. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಗಿರಾಕಿಗಳಿಗೆ ಹೇಳ್ಬಾರ್ದು, ಸರಿ. ನಾನೇನ್ ಗಿರಾಕಿನಾ? ನಂಗ್ಯಾಕೆ ಹೇಳ್ಲಿಲ್ಲ? ನನ್ ಮೇಲೆ ನಂಬಿಕೆ ಇರ್ಲಿಲ್ವಾ ಅವ್ರಿಗೆ?"

ಪುಟ್ಟಮ್ಮ ಸ್ಟವ್ ಸಣ್ಣ ಮಾಡಿ ಬಂದು ನನ್ನ ಎದುರಿಗೆ ನಿಂತಳು. ಅವಳಿಗೆ ಎದುರಿಗೆ ನಿಂತು ಮಾತಾಡುವುದು ರೂಢಿಯಾಗಿಬಿಟ್ಟಿದೆ.

"ನಾನೂ ಅದ್ನೇ ಕೇಳ್ದೆ ಕಣಣ್ಣ. ಎದ್ರಂಗಡಿ ಅಣ್ಣಂಗಾದ್ರೂ ಹೇಳ್ಬುಡಿ ಭಾಯ್, ಸಹಾಯ ಆಯ್ತದೆ ಅಂದೆ. ಬ್ಯಾಡ ಅಂದ್ರು. ಅವನಿ​ಗ್ ಗೊತ್ತಾದ್ರೆ ನಿಧಾನಕ್ಕೆ ಮಾತಾಡ್ತಾನೆ. ಬೇಕಾದ್ದಷ್ಟೇ ಮಾತಾಡ್ತಾನೆ. ಎಲ್ರೂ ಹಂಗೇ ಮಾಡಿದ್ರು, ನನ್ ಅಣ್ಣ ತಮ್ಮಂದ್ರೂ ಹಂಗೇ ಮಾಡಿದ್ರು. ನಂಜಪ್ಪ ಒಬ್ಬ ಬ್ಯಾಡದ್ದೆಲ್ಲ ಮಾತಾಡ್ತಾನೆ. ಅದೊಂದ್ ಇರ್ಲಿ ಬುಡು ಅಂದ್ರು."

ನಾನು ಎದ್ದು ಬಂದು ಯಂತ್ರದ ಮುಂದೆ ಕೂತೆ.

ಅವರ ಅಂಗಡಿಗೆ ಬೇರೆಯವರು ಬರುತ್ತಾರಂತೆ, ಮೊಬೈಲ್ ರಿಪೇರಿಯವರು. ಇನ್ನೂ ಬಂದಿಲ್ಲ, ಷಟರ್ ಮುಚ್ಚಿಯೇ ಇದೆ. ಯಂತ್ರವನ್ನು ರಸ್ತೆಯ ಕಡೆಗೆ ತಿರುಗಿಸಿಕೊಳ್ಳಬಾರದೇ, ಮುಚ್ಚಿದ ಬಾಗಿಲು ನೋಡಿಕೊಂಡು ಯಾಕೆ ಹೊಲಿಯುತ್ತೀರಿ ಎಂದು ಬಂದವರೆಲ್ಲ ಕೇಳುತ್ತಾರೆ. ಇಲ್ಲಿ ಬೆಳಕು ಚೆನ್ನಾಗಿದೆ ಎಂದು ಹೇಳುತ್ತೇನೆ. ಬೆಳಕು ಇಲ್ಲಿ ಎಂದೂ ಚೆನ್ನಾಗಿರಲಿಲ್ಲ.